ಉಳಿಯ ಸವಾಲಿಗೆ ಉಳಿಯ ಜವಾಬು: ಬಾದಾಮಿ ಸೀಮೆಯ ಆಚಾರಿಗಳ ಬಳಗ

ಸಂಸ್ಥೆಯೊಂದರ ಇತಿಹಾಸವನ್ನು ಸ್ಮರಣ ಸಂಚಿಕೆಗೆ ಬರೆಯುವುದಕ್ಕೆ ರೂಢಿಯ ದಾರಿಯೊಂದಿದೆ. ಸ್ಥಾಪನೆಯ ವರ್ಷ, ಸಂಸ್ಥಾಪಕರ ಭಾವಚಿತ್ರ, ಅಧ್ಯಕ್ಷರ ಪಟ್ಟಿ, ಕಟ್ಟಡ ನಿಧಿಗೆ ದೇಣಿಗೆ ಕೊಟ್ಟವರ ಹೆಸರು, ಕೊನೆಗೆ ಮುಂದಿನ ಯೋಜನೆಗಳು. ಬಾಗಲಕೋಟೆ ಜಿಲ್ಲೆಯ ಅತ್ಯಂತ ಹಳೆಯ ಕಸಬುದಾರ ಸಂಸ್ಥೆಯ ಕತೆ ಹೇಳಹೊರಟರೆ ಈ ದಾರಿ ನಡೆಯುವುದಿಲ್ಲ. ಅದಕ್ಕೆ ನೋಂದಣಿ ಸಂಖ್ಯೆ ಇಲ್ಲ, ಉಪನಿಯಮಗಳಿಲ್ಲ, ನಡಾವಳಿ ಪುಸ್ತಕವಂತೂ ಇಲ್ಲವೇ ಇಲ್ಲ. ಇರುವುದು ಸದಸ್ಯರ ಹೆಸರು ಮಾತ್ರ. ಅವನ್ನೂ ಸದಸ್ಯರೇ ಕಲ್ಲಿನಲ್ಲಿ ಕೊರೆದು ಇಟ್ಟಿದ್ದಾರೆ. ಪಟ್ಟದಕಲ್ಲಿನ ಒಂದು ಶಾಸನ ಈ ಬಳಗವನ್ನು ಸರ್ವಸಿದ್ಧಿ ಆಚಾರಿಗಳು ಎಂದು ಬಹುವಚನದಲ್ಲಿ ಕರೆಯುತ್ತದೆ. ಒಬ್ಬ ಮನುಷ್ಯನ ಬಿರುದಾಗಿದ್ದದ್ದು ಒಂದು ಗುಂಪಿನ ಹೆಸರಾಗಿ ನಿಂತದ್ದಕ್ಕೆ ಇಷ್ಟು ಸಾಕ್ಷಿ ಸಾಕು. ಸಂಸ್ಥೆ ಎನ್ನಲು ಇನ್ನೇನು ಬೇಕು?

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಿಲ್ಪದ ಬಗ್ಗೆ ಬರೆದದ್ದು ಕಡಿಮೆಯೇನಿಲ್ಲ. ರಾಜರ ಲೆಕ್ಕ, ಯುದ್ಧಗಳ ಲೆಕ್ಕ, ಶೈಲಿಗಳ ಲೆಕ್ಕ ಎಲ್ಲವೂ ಆಗಿದೆ. ಆದರೆ ಅಲ್ಲಿ ಕೆಲಸ ಮಾಡಿದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ, ಮೆಚ್ಚಿ, ಒಳಗೊಳಗೇ ಹೊಟ್ಟೆಕಿಚ್ಚುಪಟ್ಟು, 'ತಡಿ, ನಾನೂ ತೋರಸ್ತೀನಿ' ಎಂದು ಉಳಿ ಹಿಡಿದ ಬಗೆಯನ್ನು ಯಾರೂ ಸಂಸ್ಥೆಯ ಇತಿಹಾಸವಾಗಿ ಬರೆದಂತೆ ಕಾಣೆ. ಇವರನ್ನು ಇಂದಿನ ಮಾತಿನಲ್ಲಿ ಡಿಸೈನರುಗಳು ಎಂದರೆ ತಪ್ಪಿಲ್ಲ. ಕಟ್ಟಡದ ನಕ್ಷೆ, ಗೋಡೆಯ ಚಿತ್ರ, ಕಿಟಕಿಯ ಜಾಲಂದ್ರ, ಮಾಳಿಗೆಯ ಮಂಡಲ, ಚಿತ್ರದ ಕೆಳಗಿನ ಅಕ್ಷರ, ಇವೆಲ್ಲ ಒಂದೇ ಬಳಗದ ಕೆಲಸವಾಗಿತ್ತು. ಸರ್ವಸಿದ್ಧಿ ಆಚಾರಿಯನ್ನು ಹೊಗಳುವ ಶಾಸನ ಅವನಿಗೆ ಗೊತ್ತಿದ್ದ ವಿದ್ಯೆಗಳನ್ನು ಎಣಿಸುವಾಗ ಮನೆ, ಗುಡಿಗಳ ಜೊತೆಗೆ ವಾಹನ, ಆಸನ, ಹಾಸಿಗೆ, ಕಿರೀಟ, ಚೂಡಾಮಣಿಗಳನ್ನೂ ಸೇರಿಸುತ್ತದೆ. ಈಗಿನ ದೊಡ್ಡ ಡಿಸೈನ್ ಸಂಸ್ಥೆಗಳೂ ಇಷ್ಟೊಂದು ವಿಭಾಗಗಳನ್ನು ಬೋರ್ಡಿನ ಮೇಲೆ ಬರೆಸಲು ಹಿಂಜರಿದಾವು.

ಇಂಥ ಪೈಪೋಟಿ ಇಂದಿನ ಡಿಸೈನರುಗಳಲ್ಲೂ ಇದೆ. ಷಿಕಾಗೋದ ಕೌಡಲ್ ಪಾರ್ಟ್‌ನರ್ಸ್ ಎಂಬ ಸಂಸ್ಥೆ ಈ ಶತಮಾನದ ಆರಂಭದಲ್ಲಿ 'ಫೋಟೋಶಾಪ್ ಟೆನಿಸ್' ಎಂಬ ಆಟ ನಡೆಸಿತು. ಒಬ್ಬ ಡಿಸೈನರ್ ಒಂದು ಚಿತ್ರ ಮಾಡಿ ಎದುರಾಳಿಗೆ ಕಳಿಸಬೇಕು. ಅವನು ಅದೇ ಚಿತ್ರವನ್ನು ತಿದ್ದಿ, ಬೆಳೆಸಿ, ತಿರುಚಿ ಮರಳಿ ಕಳಿಸಬೇಕು. ಸೋಲು ಗೆಲುವಿಗಿಂತ ಆಟದ ಸೊಗಸೇ ಮುಖ್ಯ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಹರದೇಶಿ-ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು-ಜವಾಬು ಹಾಡುವುದನ್ನು ಕೇಳಿ ಬೆಳೆದವರು ನಾವು. ಒಬ್ಬರು ಗಂಡು ಹೆಚ್ಚೆಂದು ಹಾಡಿದರೆ ಇನ್ನೊಬ್ಬರು ಹೆಣ್ಣು ಹೆಚ್ಚೆಂದು ಹಾಡಬೇಕು. ಬೆಳಗಾದ ಮೇಲೆ ಇಬ್ಬರೂ ಒಂದೇ ಚಹಾದಂಗಡಿಯ ಗಿರಾಕಿಗಳು. ಆಚಾರಿಗಳ ಬಳಗವೂ ಇದೇ ಮಣ್ಣಿನದು. ಅವರ ಒಂದೊಂದು ಸವಾಲಿಗೆ ಜವಾಬು ಬರಲು ಕೆಲವೊಮ್ಮೆ ಹತ್ತಾರು ವರ್ಷ ಹಿಡಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ಮೊದಲ ಪುಟ ಬಾದಾಮಿಯದು. ಚಾಲುಕ್ಯರ ಒಂದನೆಯ ಪುಲಕೇಶಿ ಇಲ್ಲಿನ ಬೆಟ್ಟವನ್ನು ಕೋಟೆ ಮಾಡಿಕೊಂಡದ್ದು ಶಕ 465, ಅಂದರೆ ಕ್ರಿ.ಶ. 543ರಲ್ಲಿ ಎಂದು ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ. ಮೂರನೆಯ ಗುಹೆ, ಮಂಗಲೇಶ ಮಾಡಿಸಿದ ವಿಷ್ಣುಗೃಹ, 578ರದ್ದು. ಗುಹೆಗಳೊಳಗೆ ತಲೆಯೆತ್ತಿ ನೋಡಿದರೆ ಈ ಜನರ ಮನಸ್ಸು ಹೇಗೆ ಓಡುತ್ತಿತ್ತೆಂದು ತಿಳಿಯುತ್ತದೆ. ಎರಡನೆಯ ಗುಹೆಯ ಚಾವಣಿಯಲ್ಲಿ ಹದಿನಾರು ಮೀನುಗಳನ್ನು ಅರೆಕಾಲುಗಳಾಗಿ ಜೋಡಿಸಿದ ಒಂದು ಚಕ್ರವಿದೆ. ಚೌಕದೊಳಗೆ ವೃತ್ತ, ವೃತ್ತದೊಳಗೆ ಮೀನು. ಲೋಗೋ ಮಾಡುವವರು ಇವತ್ತಿಗೂ ತಲೆದೂಗಬೇಕಾದ ಅಚ್ಚುಕಟ್ಟು. ಮೊದಲ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನನ್ನು ನೋಡಲು ಎಲ್ಲರೂ ನಿಲ್ಲುತ್ತಾರೆ. ಎದುರಿನ ದ್ವಾರಪಾಲಕನ ಕಾಲಡಿಯ ಸಣ್ಣ ಚಿತ್ರವನ್ನು ನೋಡುವವರು ಕಡಿಮೆ. ಅಲ್ಲಿ ಆನೆ ಮತ್ತು ಎತ್ತು ಒಂದೇ ತಲೆಯನ್ನು ಹಂಚಿಕೊಂಡಿವೆ. ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ಎತ್ತು. ಇಂಥ ಚಿತ್ರವನ್ನು ದೇವರಿಗಾಗಿ ಯಾರೂ ಮಾಡುವುದಿಲ್ಲ. ಪಕ್ಕದಲ್ಲಿ ಕೆಲಸ ಮಾಡುತ್ತಿರುವ ಇನ್ನೊಬ್ಬ ರೂವಾರಿಗೆ ತೋರಿಸುವುದಕ್ಕೇ ಮಾಡುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ಮೂರನೆಯ ಗುಹೆಯ ಕಂಬಗಳ ಮೇಲಿನ ಬೋದಿಗೆಗಳಲ್ಲಿ ನಿಂತ ಜೋಡಿಗಳೂ ಹಾಗೆಯೇ. ಒಂದು ಜೋಡಿಯ ನಿಲುವು ಇನ್ನೊಂದಕ್ಕಿಲ್ಲ. ಇಷ್ಟು ಜೋಡಿಗಳನ್ನು ಒಂದೇ ಅಚ್ಚಿನಲ್ಲಿ ತೆಗೆದಿದ್ದರೂ ಮಂಗಲೇಶ ಏನೂ ಅನ್ನುತ್ತಿರಲಿಲ್ಲ. ಅಚ್ಚಿನಲ್ಲಿ ತೆಗೆಯಲು ಅವರಿಗೇ ಮನಸ್ಸಾಗಲಿಲ್ಲ.

ಬಾದಾಮಿಯ ಬಂಡೆಗಳ ಮೇಲೆ ಅಲ್ಲಲ್ಲಿ ಚಿಕ್ಕ ಅಕ್ಷರದಲ್ಲಿ ಹೆಸರುಗಳಿವೆ. ಹಿಂದೆ ಮುಂದೆ ವಿವರವಿಲ್ಲ, ತಂದೆಯ ಹೆಸರಿಲ್ಲ, ಊರಿಲ್ಲ. ಕೋಳಿಮಂಚಿ ಎಂಬಂಥ ಹೆಸರುಗಳನ್ನು ಓದುವಾಗ ರಾಜಮನೆತನದ ಸಂಸ್ಕೃತದ ಗಾಂಭೀರ್ಯ ಕಳಚಿ, ಊರ ಓಣಿಯಲ್ಲಿ ಯಾರನ್ನೋ ಕೂಗಿ ಕರೆದಂತಾಗುತ್ತದೆ.

ಐಹೊಳೆಗೆ ಬಂದರೆ ದನಿ ದೊಡ್ಡದಾಗುತ್ತದೆ. ಹುನಗುಂದ ತಾಲ್ಲೂಕಿನ ಈ ಊರು ಹೆಮ್ಮೆಯ ಮಾತಿಗೆ ಹೆಸರಾದದ್ದು. 634ರಲ್ಲಿ ಮೇಗುತಿ ಗುಡಿಯನ್ನು ಮಾಡಿಸಿದ ರವಿಕೀರ್ತಿ, ಕವಿತೆಯಲ್ಲಿ ತಾನು ಕಾಳಿದಾಸ ಭಾರವಿಗಳ ಸಮಾನ ಎಂದು ಅದೇ ಗುಡಿಯ ಗೋಡೆಯ ಮೇಲೆ ಬರೆಸಿದ. ಐಹೊಳೆಯ ಇನ್ನೊಂದು ಕಲ್ಲಿನಲ್ಲಿ ನರಸೊಬ್ಬ ಎಂಬ ಆಚಾರಿಯ ಮಾತಿದೆ. ಮನೆ, ಗುಡಿ ಕಟ್ಟುವುದರಲ್ಲಿ ನರಸೊಬ್ಬನಿಗೆ ಸರಿಯಾದ ಜಾಣ ಜಂಬೂದ್ವೀಪದಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬುದು ಅದರ ಸಾರ. ಐನೂರ್ವರು ಎಂಬ ವರ್ತಕರ ಮಹಾಸಂಘಕ್ಕೂ ಇದೇ ಐಹೊಳೆ ತವರು. ಆ ವರ್ತಕರ ಪ್ರಶಸ್ತಿಗಳು ಮುಂದಿನ ಶತಮಾನಗಳಲ್ಲಿ ಉದ್ದಕ್ಕೆ ಬೆಳೆದವು. ನರಸೊಬ್ಬನಿಗೆ ಒಂದೇ ವಾಕ್ಯ ಸಾಕಾಯಿತು.

ಈ ಬಡಾಯಿಯನ್ನು ಯಾರನ್ನು ಉದ್ದೇಶಿಸಿ ಕೊರೆಸಿದ? ಊರ ರೈತರಿಗೆ ಯಾವ ಗುಡಿಯ ಯಾವ ಕಂಬ ಯಾರದೆಂಬುದು ಬೇಕಿರಲಿಲ್ಲ. ಐಹೊಳೆಯಲ್ಲಿ ಆಗ ಒಂದು ಗುಡಿಯಂತೆ ಇನ್ನೊಂದನ್ನು ಕಟ್ಟುತ್ತಿರಲಿಲ್ಲ. ಲಾಡಖಾನ ಗುಡಿಗೆ ಚಪ್ಪಟೆ, ಇಳಿಜಾರು ಕಲ್ಲಿನ ಚಾವಣಿ. ದುರ್ಗದ ಗುಡಿಗೆ ಹಿಂಬದಿ ಅರ್ಧಚಂದ್ರದ ಹಾಗೆ ಬಾಗಿದ ಗೋಡೆ, ಅದರ ಸುತ್ತ ಕಂಬಗಳ ಸಾಲಿನ ಮೊಗಸಾಲೆ, ಮೇಲೆ ಉತ್ತರದ ರೀತಿಯ ಶಿಖರ. ಹುಚ್ಚಿಮಲ್ಲಿ ಗುಡಿಯದು ಮತ್ತೊಂದು ಬಗೆ. ಇಷ್ಟು ಬಗೆಗಳು ಒಂದೇ ಊರಿನಲ್ಲಿ ಹುಟ್ಟಿದ ಮೇಲೆ ಯಾರು ಹೆಚ್ಚೆಂಬ ಮಾತು ಕಲ್ಲು ಕುಟ್ಟುವವರ ನಡುವೆ ಬರದೇ ಇದ್ದೀತೆ? ನರಸೊಬ್ಬ ಅದಕ್ಕೆ ತನ್ನ ತೀರ್ಪು ಕೊಟ್ಟು ಕೈತೊಳೆದುಕೊಂಡ. ಎದುರಾಳಿಯ ತೀರ್ಪನ್ನು ಕೇಳಬೇಕೆಂದರೆ ಅವನ ಕಟ್ಟಡವನ್ನೇ ನೋಡಬೇಕು.

ನಡುವೆ ಬಂದ ಯುದ್ಧವನ್ನು ಇಲ್ಲಿ ಬೇಗ ದಾಟುತ್ತೇನೆ. ಎರಡನೆಯ ಪುಲಕೇಶಿಯ ಕೊನೆಗಾಲದಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಬಾದಾಮಿಯನ್ನು ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ. ಸುಮಾರು ನೂರು ವರ್ಷದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ಹೋಗಿ ಗೆದ್ದ. ಸೇಡಿನ ಯುದ್ಧವಾದ್ದರಿಂದ ಅಲ್ಲಿನ ಗುಡಿಗಳನ್ನು ಒಡೆದು ಬಂದಿದ್ದರೆ ಆಶ್ಚರ್ಯವಿರಲಿಲ್ಲ. ಅವನು ರಾಜಸಿಂಹೇಶ್ವರವನ್ನು, ಅಂದರೆ ಇಂದಿನ ಕೈಲಾಸನಾಥ ಗುಡಿಯನ್ನು ಕಂಡು ಸಂತೋಷಪಟ್ಟು, ಅದರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ. ಈ ಮಾತನ್ನು ಅದೇ ಗುಡಿಯ ಕಂಬವೊಂದರಲ್ಲಿ ಕನ್ನಡದಲ್ಲಿ ಕೊರೆಸಿದ್ದಾನೆ. ಕಂಚಿಗೆ ಹೋದ ಕನ್ನಡಿಗರು ಆ ಕಂಬವನ್ನು ಹುಡುಕದೆ ಬರುವುದು ನಮ್ಮ ದುರದೃಷ್ಟ. ರಾಜ ಬಿಟ್ಟುಕೊಟ್ಟದ್ದು ಬಂಗಾರ. ಅವನ ಕಾಲದ ಆಚಾರಿಗಳು ಕಂಚಿಯ ನಕ್ಷೆಯನ್ನು ಮನಸ್ಸಿನಲ್ಲಿ ಹೊತ್ತು ತಂದರು. ಸುತ್ತು ಗೋಡೆ, ಎದುರಿನ ಬಾಗಿಲು, ಮೇಲೇರುವ ಅಂತಸ್ತುಗಳ ವಿಮಾನ, ಗೋಡೆಯ ಕೋಷ್ಠಗಳಲ್ಲಿ ದೇವತೆಗಳು, ಇವೆಲ್ಲ ಮಲಪ್ರಭೆಯ ದಡಕ್ಕೆ ಬಂದವು. ಆದರೆ ಕಂಚಿಯ ನಕಲು ಹುಟ್ಟಲಿಲ್ಲ. ಅಳತೆ ಬೇರೆ, ಕಲ್ಲು ಬೇರೆ. ಒಳಗೆ ವಿಶಾಲವಾದ ಸಭಾಮಂಟಪ, ಕಂಬ ಕಂಬದ ಮೇಲೆ ರಾಮಾಯಣ ಭಾರತಗಳ ಕತೆ, ಬೆಳಕಿಗೆ ಜಾಲಂದ್ರದ ಕಿಟಕಿಗಳು. ಕಂಚಿ ಕೇಳಿದ ಪ್ರಶ್ನೆಗೆ ಪಟ್ಟದಕಲ್ಲು ತನ್ನ ಮಾತಿನಲ್ಲಿ ಉತ್ತರ ಹೇಳಿತು.

ಈಗ ಪಟ್ಟದಕಲ್ಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಸಂಸ್ಥೆಯ ಚಿನ್ನದ ಕಾಲ ಇಲ್ಲಿನದು.

ವಿಕ್ರಮಾದಿತ್ಯನ ಇಬ್ಬರು ರಾಣಿಯರು ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ. ಹೈಹಯ ವಂಶದ ಒಡಹುಟ್ಟಿದ ಅಕ್ಕತಂಗಿಯರು, ಒಬ್ಬನೇ ಗಂಡ. ಅಕ್ಕ ಲೋಕೇಶ್ವರವನ್ನು ಕಟ್ಟಿಸಿದಳು, ಅದೇ ಇಂದಿನ ವಿರೂಪಾಕ್ಷ. ತಂಗಿ ಅದರ ಮಗ್ಗುಲಲ್ಲೇ ತ್ರೈಲೋಕ್ಯೇಶ್ವರವನ್ನು ಕಟ್ಟಿಸಿದಳು, ಅದೇ ಮಲ್ಲಿಕಾರ್ಜುನ. ಗಂಡನ ಗೆಲುವಿನ ನೆನಪಿಗೆ ಕಟ್ಟಿಸಿದರೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ, ಸರಿಯೇ. ಅಷ್ಟಕ್ಕೇ ನಿಂತರೆ ಅರ್ಧ ಕತೆ ಬಿಟ್ಟಂತೆ. ಎರಡೂ ಗುಡಿಗಳ ನಕ್ಷೆ ಬಹುಮಟ್ಟಿಗೆ ಒಂದೇ. ಎರಡಕ್ಕೂ ಪೂರ್ವದ ಬಾಗಿಲು, ಎದುರಿಗೆ ನಂದಿ, ಮೂರು ಕಡೆ ಮುಖಮಂಟಪ, ನಡುವೆ ಸಭಾಮಂಟಪ, ಹಿಂದೆ ಪ್ರದಕ್ಷಿಣೆಯ ದಾರಿಯಿರುವ ಗರ್ಭಗುಡಿ. ಮಲ್ಲಿಕಾರ್ಜುನ ಸ್ವಲ್ಪ ಚಿಕ್ಕದು. ಎರಡರ ಶಿಖರಗಳನ್ನೂ ಒಮ್ಮೆಗೇ ಕಾಣುವ ಕಡೆ ನಿಂತು ಮೇಲೆ ನೋಡಿ. ವಿರೂಪಾಕ್ಷದ ತುದಿ ಚೌಕ, ಮಲ್ಲಿಕಾರ್ಜುನದ್ದು ಗುಂಡಗೆ. ನಕ್ಷೆ ಒಂದೇ ಇಟ್ಟುಕೊಂಡು ತುದಿಯಲ್ಲಿ ಮಾತು ಬದಲಿಸುವುದು ಕಸಬು ಬಲ್ಲವನ ಆಟ. ಎದುರಾಳಿಯ ಪಟ್ಟನ್ನು ಅದೇ ಪಟ್ಟಿನಿಂದ ಬಿಡಿಸಿಕೊಂಡು ಕೊನೆಯ ಘಳಿಗೆಯಲ್ಲಿ ಹೊಸ ಪಟ್ಟು ಹಾಕುವ ಜಟ್ಟಿಯಂತೆ.

ಒಳಗಿನ ಕಂಬಗಳಲ್ಲೂ ಹೀಗೆಯೇ. ವಿರೂಪಾಕ್ಷದವರು ರಾಮಾಯಣ, ಭಾರತಗಳ ಕತೆ ಕೊರೆದರು. ಮಲ್ಲಿಕಾರ್ಜುನದವರು ಕೃಷ್ಣನ ಬಾಲ್ಯದ ಕತೆಯ ಜೊತೆಗೆ ಪಂಚತಂತ್ರಕ್ಕೂ ಕೈಹಾಕಿದರು. ಶಿವನ ಗುಡಿಯ ಕಂಬದಲ್ಲಿ ಮಕ್ಕಳ ಕತೆಗೆ ಜಾಗ ಮಾಡಿಕೊಟ್ಟ ಆ ಆಚಾರಿಯ ಹೆಸರು ಸಿಕ್ಕಿದ್ದರೆ ಈ ಲೇಖನದ ಶೀರ್ಷಿಕೆಯಲ್ಲಿ ಇಡುತ್ತಿದ್ದೆ.

ವಿರೂಪಾಕ್ಷದ ಸೂತ್ರಧಾರಿಯ ಹೆಸರು ಗುಂಡ, ಬಿರುದು ಅನಿವಾರಿತಾಚಾರಿ. ಅನಿವಾರಿತ ಎಂಬುದು ರಾಜನ ಬಿರುದೂ ಹೌದು. ಗುಂಡನಿಗೆ ತ್ರಿಭುವನಾಚಾರಿ ಎಂಬ ಹೆಸರೂ, ಪೆರ್ಜೆರೆಪು ಎಂಬ ಪಟ್ಟವೂ ಸಿಕ್ಕವೆಂದು ಗುಡಿಯ ಶಾಸನ ಹೇಳುತ್ತದೆ. ಅಂದರೆ ಹಣೆಗೆ ಕಟ್ಟುವ ಗೌರವಪಟ್ಟ, ನಮ್ಮ ಕಾಲದ ಶಾಲು-ಹಾರಕ್ಕಿಂತ ತೂಕದ್ದು. ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಈ ನಾಡಿನ ಕುಶಲಕರ್ಮಿಗಳಿಗೆ ಹಾಕಿದ್ದ ಬಹಿಷ್ಕಾರವನ್ನು ತೆಗೆದದ್ದರ ದಾಖಲೆಯೆಂದು ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಶಾಸನಗಳನ್ನು ಅಚ್ಚುಹಾಕಿಸಿದ ಫ್ಲೀಟ್ ಓದಿದರು. ಬಹಿಷ್ಕಾರ ಯಾಕೆ ಬಿತ್ತೆಂಬ ವಿವರ ಕಲ್ಲಿನಲ್ಲಿಲ್ಲ. ಆದರೂ ಸಂಸ್ಥೆಯ ಇತಿಹಾಸ ಬರೆಯುವವನಿಗೆ ಬಿರುದಿಗಿಂತ ಈ ಸಾಲು ದೊಡ್ಡದು. ಮುಖ್ಯಸ್ಥನಿಗೆ ಸನ್ಮಾನವಾದ ದಿನ ಬಳಗಕ್ಕೆಲ್ಲ ನ್ಯಾಯ ಸಿಕ್ಕಿತೆಂದು ಓದಿಕೊಂಡರೆ, ಗುಂಡ ಬರೀ ಕಟ್ಟಡದ ಯಜಮಾನನಾಗಿರದೆ ತನ್ನವರ ಪರವಾಗಿ ನಿಂತವನೂ ಆಗಿರಬೇಕು. ಇಷ್ಟು ಊಹೆಗೆ ಜಾಗ ಕೊಡಿ.

ಇದೇ ಗುಡಿಯ ಇನ್ನೊಂದು ಶಾಸನದಲ್ಲಿ ಸರ್ವಸಿದ್ಧಿ ಆಚಾರಿ ತೆಂಕಣ ದಿಕ್ಕಿನ ಸೂತ್ರಧಾರಿ. ವಾಸ್ತುವಿದ್ಯೆಗೆ ಬ್ರಹ್ಮನಂಥವನೆಂಬ ಹೊಗಳಿಕೆಯೂ ಅವನಿಗಿದೆ. ಗೋಡೆಯ ಶಿಲ್ಪಗಳ ಬಳಿ ಚೆಂಗಮ್ಮ, ಪುಲ್ಲಪ್ಪನ್ ಮೊದಲಾದವರ ಹೆಸರುಗಳಿವೆ. ಒಂದೇ ಗೋಡೆ, ಕೈಗಳು ಹಲವು. ಯಜಮಾನ ಸೂತ್ರಧಾರಿಯ ಹೆಸರು ಮೇಲಿದ್ದರೂ ಕೋಷ್ಠದೊಳಗಿನ ಮೂರ್ತಿ ಮಾಡಿದವನು ತನ್ನ ಹೆಸರನ್ನು ಅದರ ಪಕ್ಕದಲ್ಲೇ ಬರೆದುಕೊಳ್ಳಬಹುದಿತ್ತು. ಇಷ್ಟು ಸ್ವಾತಂತ್ರ್ಯ ಇದ್ದುದರಿಂದಲೇ ಸ್ಪರ್ಧೆ ಜಗಳವಾಗಿ ಕೆಡಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಹೆಸರು ಹಾಕುವ ಹಕ್ಕಿರುವವನು ಪಕ್ಕದವನ ಕೆಲಸವನ್ನು ನಿರಾಳವಾಗಿ ಮೆಚ್ಚಬಲ್ಲ. ತನ್ನ ಕೆಲಸ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆಂಬ ಭಯವಿರುವವನಿಗೆ ಅದು ಸಾಧ್ಯವಾಗದು.

ಗುಂಪಿನಿಂದ ತುಸು ದೂರ, ದಕ್ಷಿಣಕ್ಕೆ ಪಾಪನಾಥ ಗುಡಿ ಇದೆ. ಪಟ್ಟದಕಲ್ಲಿನ ಆಟ ಇಲ್ಲಿ ತಾರಕಕ್ಕೇರುತ್ತದೆ. ಆ ಗುಂಪಿನ ಆವರಣದಲ್ಲಿ ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥ, ಕಾಡಸಿದ್ಧೇಶ್ವರ ಗುಡಿಗಳು ಉತ್ತರದ ರೀತಿಯ ಬಾಗಿದ ಶಿಖರ ಹೊತ್ತಿವೆ. ವಿರೂಪಾಕ್ಷ, ಮಲ್ಲಿಕಾರ್ಜುನ, ವಿಜಯಾದಿತ್ಯನ ಕಾಲದ ಸಂಗಮೇಶ್ವರಗಳು ದಕ್ಷಿಣದ ಅಂತಸ್ತಿನ ವಿಮಾನಗಳು. ಪಾಪನಾಥದವರು ಎರಡನ್ನೂ ತೆಗೆದುಕೊಂಡರು. ಮೇಲೆ ಉತ್ತರದ ಶಿಖರ, ಕೆಳಗೆ ಉದ್ದಕ್ಕೆ ಹರಡಿದ ಮಂಟಪಗಳ ಗೋಡೆಯಲ್ಲಿ ದಕ್ಷಿಣದ ಅಲಂಕಾರ, ರಾಮಾಯಣದ ಚಿತ್ರಗಳ ಸಾಲು. ಆ ಚಿತ್ರಗಳಲ್ಲಿ ಯಾರು ಯಾರೆಂದು ಹೆಸರು ಬರೆದಿದ್ದಾರೆ, ನಮ್ಮ ಪತ್ರಿಕೆಗಳ ಫೋಟೋ ಅಡಿಬರಹದಂತೆ. ನಿಜ ಹೇಳಬೇಕೆಂದರೆ ಪಾಪನಾಥ ಪೂರ್ತಿ ಗೆದ್ದ ಕಟ್ಟಡವಲ್ಲ. ಶಿಖರ ಮೈಗೆ ಚಿಕ್ಕದಾಯಿತು, ಉದ್ದ ಹೆಚ್ಚಾಯಿತು, ಎರಡು ಶೈಲಿಗಳ ಬೆಸುಗೆ ಕಣ್ಣಿಗೆ ಕಾಣುತ್ತದೆ. ಆದರೆ ಎರಡು ಪಕ್ಷದವರ ಮಾತನ್ನೂ ಒಂದೇ ಉಸಿರಿನಲ್ಲಿ ಆಡಿ ನೋಡುವ ಧೈರ್ಯ ಅಲ್ಲಿದೆ. ನನಗೆ ವಿರೂಪಾಕ್ಷದ ಮೇಲೆ ಗೌರವ, ಪಾಪನಾಥದ ಮೇಲೆ ಪ್ರೀತಿ.

ಸರ್ವಸಿದ್ಧಿ ಆಚಾರಿಗಳ ಬಹುವಚನ ಕಾಣಿಸುವುದೂ ಈ ಪಾಪನಾಥದಲ್ಲೇ. ಆ ಬಳಗದ ಚಟ್ಟರ ರೇವಡಿ ಓವಜ್ಜ ತಾನು ತೆಂಕಣ ದಿಸೆಯನ್ನು ಮಾಡಿದವನೆಂದು ಹೇಳಿಕೊಳ್ಳುತ್ತಾನೆ. ಗುಡಿಯ ದಕ್ಷಿಣದ ಮಗ್ಗುಲನ್ನೋ, ದಕ್ಷಿಣ ದೇಶವನ್ನೋ? ನರಸೊಬ್ಬನ ಊರಿನ ಪಕ್ಕದವನಾದ್ದರಿಂದ ದೇಶವನ್ನೇ ಎಂದಿದ್ದರೂ ಸೋಜಿಗಪಡಬೇಕಿಲ್ಲ. ಬಲದೇವ ಎಂಬ ಇನ್ನೊಬ್ಬ ರೂವಾರಿಯ ಹೆಸರೂ ಇದೇ ಗುಡಿಯಲ್ಲಿದೆ.

ಇದೆಲ್ಲಕ್ಕಿಂತ ಗ್ರಾಫಿಕ್ ಡಿಸೈನಿಗೆ ಹತ್ತಿರದ ಸಾಕ್ಷಿ ಒಂದು ಕಂಬ. ವಿಕ್ರಮಾದಿತ್ಯನ ಮಗ ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ, 754ರಲ್ಲಿ, ಜ್ಞಾನಶಿವ ಎಂಬ ಶೈವ ಆಚಾರ್ಯ ಪಟ್ಟದಕಲ್ಲಿನಲ್ಲಿ ಇದನ್ನು ನಿಲ್ಲಿಸಿದ. ಗಂಗೆಯ ಉತ್ತರ ದಡದ ನಾಡಿನಿಂದ ಬಂದವನು ಅವನು. ಶಾಸನದ ಭಾಷೆ ಸಂಸ್ಕೃತ. ಅದೇ ಪಾಠವನ್ನು ಕಂಬದ ಮೇಲೆ ಎರಡು ಸಲ ಕೊರೆಸಿದ್ದಾನೆ, ಒಮ್ಮೆ ತನ್ನ ಕಡೆಯ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ, ಇನ್ನೊಮ್ಮೆ ಇಲ್ಲಿನ ಕನ್ನಡ ಲಿಪಿಯಲ್ಲಿ. ಇಬ್ಬರು ರಾಣಿಯರು ಅಕ್ಕತಂಗಿಯರೆಂದು, ಯಾವ ಗುಡಿ ಯಾರದೆಂದು ಈ ಕಂಬ ನಮಗೆ ಹೇಳುತ್ತದೆ.

ಉತ್ತರದ ಅಕ್ಷರ ತಲೆಯ ಮೇಲೆ ಬೆಣೆಯಂಥ ಗುರುತು ಹೊತ್ತು, ಕೆಳಗೆ ಬಲಕ್ಕೆ ಚೂಪಾಗಿ ಮುರಿಯುತ್ತದೆ. ನಮ್ಮದು ಗುಂಡಗೆ ಹೊಟ್ಟೆ ಬಿಟ್ಟು, ತಲೆಕಟ್ಟು ಕಟ್ಟಿಕೊಂಡು ಕೂರುತ್ತದೆ. ಒಂದೇ ಕಲ್ಲು, ಒಂದೇ ಮಾತು, ಎರಡು ಕೈ. ಉತ್ತರದ ಲಿಪಿ ಬಲ್ಲ ಲಿಪಿಕಾರ ಜ್ಞಾನಶಿವನ ಜೊತೆಗೇ ಬಂದನೋ, ಇಲ್ಲಿನವನೇ ಕಲಿತು ಕೊರೆದನೋ, ಅಂತೂ ಎರಡು ಅಕ್ಷರಪದ್ಧತಿಗಳು ಮುಖಾಮುಖಿ ನಿಂತು ತಮ್ಮ ತಮ್ಮ ಅಂದ ತೋರಿಸಿವೆ. ದ್ವಿಭಾಷಾ ಬೋರ್ಡು ಬರೆಯುವಾಗ ಒಂದು ಲಿಪಿಯನ್ನು ಕಣ್ಣಿಗೆ ಹೊಡೆಯುವಂತೆ ಬರೆದು ಇನ್ನೊಂದನ್ನು ಮೂಲೆಗೆ ಒತ್ತುವ ನಮ್ಮ ಕಾಲದವರು ಈ ಕಂಬವನ್ನು ಒಮ್ಮೆ ಸುತ್ತಿ ಬರಬೇಕು. ಶೈಲಿಗಳು ಉತ್ತರ ದಕ್ಷಿಣಗಳಾಗಿ ಗುಡಿಯ ಮೇಲೆ ಮಾತಾಡಿಕೊಂಡ ಊರಿನಲ್ಲಿ ಅಕ್ಷರಗಳೂ ಹಾಗೆಯೇ ಮಾತಾಡಿಕೊಂಡವು.

ಸ್ಪರ್ಧೆ ಎಂಬ ಮಾತನ್ನು ನಾನು ಇಂದಿನಿಂದ ತಂದು ಅವರ ಮೇಲೆ ಹೇರುತ್ತಿದ್ದೇನೆಂದು ಯಾರಾದರೂ ಆಕ್ಷೇಪಿಸಿದರೆ ಪಟ್ಟದಕಲ್ಲಿನ ಅಚಲನನ್ನು ತೋರಿಸಬಹುದು. ಅಚಲ ನಟ, 'ಭರತ' ಪರಂಪರೆಯವನು. ಅವನ ಬಗ್ಗೆ ಕಂಬವೊಂದರಲ್ಲಿ ಕೊರೆದ ಸಂಸ್ಕೃತ ಪದ್ಯ, ಎದುರಾಳಿ ನಟರನ್ನು ಮದವೇರಿದ ಆನೆಗಳೆಂದೂ ಇವನ ಸಿಂಹನಾದಕ್ಕೆ ಅವರ ಮದ ಇಳಿಯುತ್ತದೆಂದೂ ಹೇಳುತ್ತದೆ. ಪದ್ಯದಲ್ಲಿ ಬರುವ ಮಾತು ಪರನಟ, ಅಂದರೆ ಎದುರಿನ ಮೇಳದವನು. ಕುಣಿಯುವವರಿಗೆ ಎದುರು ಮೇಳ ಇದ್ದ ಮೇಲೆ ಕೊರೆಯುವವರಿಗೆ ಇಲ್ಲದಿರುತ್ತದೆಯೇ?

ಸಂಸ್ಥೆ ಮುಗಿದದ್ದು ಹೇಗೆ ಎಂಬುದು ಚಿಕ್ಕ ಅಧ್ಯಾಯ. ಜ್ಞಾನಶಿವನ ಕಂಬ ನಿಂತ ಕಾಲಕ್ಕೇ ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರ ಬೆನ್ನು ಮುರಿದಿದ್ದ. ರಾಜಾಶ್ರಯ ಹೋಯಿತು. ಎಲ್ಲೋರದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸವನ್ನು ನೋಡಿದವರು ವಿರೂಪಾಕ್ಷದ ನಕ್ಷೆ ಅಲ್ಲಿ ಬೆಟ್ಟದಿಂದಲೇ ಎದ್ದು ಬಂದಿರುವುದನ್ನು ಗುರುತಿಸುತ್ತಾರೆ. ಕಂಚಿಯಿಂದ ಪಟ್ಟದಕಲ್ಲಿಗೆ ಬಂದ ಸವಾಲು ಅಲ್ಲಿಂದ ಎಲ್ಲೋರಕ್ಕೆ ಹೋಯಿತು. ಪಟ್ಟದಕಲ್ಲಿನಲ್ಲಿ ಒಂಬತ್ತನೆಯ ಶತಮಾನದ ಜೈನ ಬಸದಿಯೊಂದು ಎದ್ದಿತು, ಮತ್ತೆ ಆ ಪ್ರಮಾಣದ ಕೆಲಸ ನಡೆಯಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗ್ಯೂಸನ್ ಇಲ್ಲಿನ ಗುಡಿಗಳ ಫೋಟೋಗಳನ್ನು ಪುಸ್ತಕದಲ್ಲಿ ತಂದರು. 1874ರಲ್ಲಿ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ಸರ್ವೇಕ್ಷಣೆಯ ವರದಿ ಬರೆದರು. ಫ್ಲೀಟ್ ಶಾಸನಗಳನ್ನು ಓದಿ ಅಚ್ಚುಹಾಕಿಸಿದರು. ಸಾವಿರ ವರ್ಷ ಯಾರೂ ಕೇಳದಿದ್ದ ಗುಂಡ, ನರಸೊಬ್ಬ, ಚೆಂಗಮ್ಮ, ಓವಜ್ಜರ ಹೆಸರುಗಳು ಮತ್ತೆ ಜನರ ಬಾಯಿಗೆ ಬಂದದ್ದು ಹೀಗೆ. 1987ರಲ್ಲಿ ಪಟ್ಟದಕಲ್ಲು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು.

ಕಲ್ಲಿನ ಬಳಗ ಮುಗಿದರೂ ಈ ಸೀಮೆಯಲ್ಲಿ ಡಿಸೈನಿನ ಸವಾಲು-ಜವಾಬು ನಿಂತಿಲ್ಲ. ಅದು ಮಗ್ಗಕ್ಕೆ ಇಳಿಯಿತು. ಆಚಾರಿಗಳ ಮಕ್ಕಳೇ ನೇಕಾರರಾದರೆಂದು ಹೇಳುತ್ತಿಲ್ಲ, ಅಂಥ ವಂಶಾವಳಿ ಕಟ್ಟುವ ಹುಚ್ಚು ನನಗಿಲ್ಲ. ಒಂದೇ ನೆಲದಲ್ಲಿ ಒಂದೇ ಬಗೆಯ ಚಟ ಮತ್ತೆ ಹುಟ್ಟಿತು ಎನ್ನುತ್ತೇನೆ, ಅಷ್ಟೆ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಹೀಗಾಗಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಸಜ್ಜಾಗಬೇಕು. ಸೆರಗಿನ ಕೆಂಪು ರೇಷ್ಮೆಯ ಮೇಲೆ ಬಿಳಿಯ ತೋಪುತೆನಿ, ಹಣಿಗೆ, ಕೋಟಿಕೊಮ್ಮೆ, ರಂಪ. ಜೋಳದ ತೆನೆ, ಬಾಚಣಿಗೆ, ಕೋಟೆಯ ತೆನೆಗಳು, ಬೆಟ್ಟದ ಸಾಲು, ಇವೆಲ್ಲ ಬಾದಾಮಿಯಿಂದ ಹುನಗುಂದದವರೆಗೆ ಬಸ್ಸಿನ ಕಿಟಕಿಯಲ್ಲೇ ಕಾಣುವಂಥವು. ದಡಿಗೆ ಚಿಕ್ಕಿ, ಗೋಮಿ, ಗಾಡಿ ಎಂದು ಹೆಸರು. ಒಂದು ಮಗ್ಗದಲ್ಲಿ ದಡಿಗೆ ಹೊಸ ಗೆರೆಯೊಂದು ಬಿದ್ದರೆ ಪಕ್ಕದ ಓಣಿಯ ಮಗ್ಗಕ್ಕೆ ಅದರ ಸುದ್ದಿ ಹೋಗಲು ಹೆಚ್ಚು ದಿನ ಬೇಡ. ಮುಂದಿನ ಸಂತೆಯ ಹೊತ್ತಿಗೆ ಆ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಬಂದಿರುತ್ತದೆ.

ಗುಳೇದಗುಡ್ಡದ ಖಣ ಇನ್ನೂ ಚಿಕ್ಕ ಮೈದಾನ. ಒಂದು ಕುಪ್ಪಸಕ್ಕೆ ಸಾಕಾಗುವಷ್ಟು ಬಟ್ಟೆಯಲ್ಲಿ ತೇರು, ಕಳಾವರ, ಸೂರ್ಯನಾರಾಯಣ, ಆನೆ ಹೆಜ್ಜೆ ಎಲ್ಲ ಹಿಡಿಸಬೇಕು. ಮೇಲೆ ಕಸೂತಿಯವರ ಕೈ ಬಿದ್ದರಂತೂ ಇಳಕಲ್ಲ ಸೀರೆಗೆ ಇನ್ನೊಂದು ಜವಾಬು ಸೇರಿದಂತೆ. ಗಂವಟಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ಪಲ್ಲಕ್ಕಿ, ಆನೆ, ತಾವರೆ ಮೂಡಿಸುವ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತಾರೆ. ನೆಯ್ದವರ ಲೆಕ್ಕದ ಮೇಲೆ ಹೊಲಿಯುವವರ ಲೆಕ್ಕ ಕೂರುತ್ತದೆ. ಒಬ್ಬರು ಮಾಡಿದ್ದರ ಮೇಲೆ ಇನ್ನೊಬ್ಬರು ಮಾಡುವ ಷಿಕಾಗೋದ ಆಟ ಇದಕ್ಕಿಂತ ಬೇರೆಯಲ್ಲ.

ಆದರೆ ಒಂದು ವಿಷಯದಲ್ಲಿ ಮಗ್ಗದವರು ಕಲ್ಲಿನವರಿಗಿಂತ ಬಡವರು. ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ. ಆ ಮಾನ್ಯತೆ ಊರಿಗೆ, ಆಳಿಗಲ್ಲ. ಹೊಸ ದಡಿಯೊಂದನ್ನು ಮೊದಲು ಕಟ್ಟಿದವರು ಯಾರು, ಖಣದಲ್ಲಿ ತೇರನ್ನು ಮೊದಲು ಕೂರಿಸಿದವರು ಯಾರು ಎಂದು ಕೇಳಿದರೆ 'ಹಿಂದಿನವರು' ಎಂಬ ಉತ್ತರ ಸಿಗುತ್ತದೆ. ಎಂಟನೆಯ ಶತಮಾನದ ಚೆಂಗಮ್ಮನ ಹೆಸರು ನಮಗೆ ಗೊತ್ತಿದೆ. ನಮ್ಮ ತಾಯಂದಿರ ಮದುವೆಯ ಸೀರೆ ನೆಯ್ದವರ ಹೆಸರು ಗೊತ್ತಿಲ್ಲ.

ಬಾಗಲಕೋಟೆ, ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲಗಳ ನೇಕಾರ ಸಹಕಾರಿ ಸಂಘಗಳ ಪದಾಧಿಕಾರಿಗಳಲ್ಲಿ, ಸೀರೆ ಮಾರುವ ಅಂಗಡಿಕಾರರಲ್ಲಿ ನನ್ನದೊಂದು ಕೋರಿಕೆ. ಹೊಸ ದಡಿ, ಹೊಸ ಸೆರಗು, ಹೊಸ ಖಣದ ನಮೂನೆ ಬಂದಾಗಲೆಲ್ಲ ಅದನ್ನು ಕಟ್ಟಿದವರ ಹೆಸರು, ಊರು, ವರ್ಷವನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡಿ. ಮುದುಕರು ಬದುಕಿರುವಾಗಲೇ ಹಳೆಯ ನಮೂನೆಗಳ ಬಗ್ಗೆ ಅವರನ್ನು ಕೇಳಿ ಬರೆದುಕೊಳ್ಳಿ. ಸೀರೆಯ ಮಡಿಕೆಯೊಳಗೆ ಇಡುವ ಚೀಟಿಯಲ್ಲಿ ಬೆಲೆ, ಅಳತೆಗಳ ಕೆಳಗೆ ನೆಯ್ದವರ ಹೆಸರಿಗೂ ಒಂದು ಸಾಲು ಬಿಡಿ.